ಕಸದ ಗಾಡಿಯ ಧಾಟಿಯಲ್ಲಿ ಒತ್ತಕ್ಷರ

ಧಾರವಾಡದಲ್ಲಿ ಹುಟ್ಟಿ ಬೆಳೆದವಳಾದರೂ ನನಗೆ ಹಾಡಲು ಬರುವುದಿಲ್ಲ. ಬೇರೆ ಊರಿನಲ್ಲಿ ಇದು ಹೇಳಿಕೊಳ್ಳುವಂಥ ಸಂಗತಿಯೇ ಅಲ್ಲ. ಇಲ್ಲಿ ಓಣಿಗೊಬ್ಬರು ಹಾರ್ಮೋನಿಯಂ ಕಲಿಸುವವರಿದ್ದಾರೆ. ಅಪಸ್ವರ ಕಿವಿಗೆ ಬಿದ್ದರೆ ಕಾಯಿಪಲ್ಯೆ ಹೆಚ್ಚುವ ಕೈ ಕೂಡ ಒಂದು ಗಳಿಗೆ ನಿಲ್ಲುತ್ತದೆ. ನಾನು ಸಣ್ಣವಳಿದ್ದಾಗ ಶಾಲೆಯ ಪ್ರಾರ್ಥನೆ ಕಲಿಸುತ್ತಿದ್ದ ಟೀಚರು ನನ್ನನ್ನು ಹಿಂದಿನ ಸಾಲಿಗೆ ಕಳಿಸಿ, "ನೀ ಬರೇ ತುಟಿ ಅಳ್ಳಾಡಸವಾ, ಸಾಕು" ಎಂದಿದ್ದರು. ನಾನೂ ಬೇಜಾರು ಮಾಡಿಕೊಳ್ಳದೆ ಹತ್ತನೇ ಇಯತ್ತೆಯವರೆಗೆ ತುಟಿ ಅಳ್ಳಾಡಿಸಿಕೊಂಡೇ ನಿಂತೆ.

ಹಾಗಾಗಿ ಸ್ಪೀಚ್ ಥೆರಪಿ ಓದುವಾಗ, ಹಾಡು ಮತ್ತು ತಾಳ ಮಕ್ಕಳ ಮಾತಿಗೂ ಅಕ್ಷರಕ್ಕೂ ನೆರವಾಗುತ್ತವೆ ಎಂದು ಪಾಠ ಬಂದಾಗ, ಅದು ಕಂಠ ಇದ್ದವರಿಗೆ ಬಿಟ್ಟ ವಿಷಯ ಎಂದುಕೊಂಡು ಪುಟ ತಿರುವಿದೆ. ಕೆಲಸ ಶುರುಮಾಡಿದ ಮೇಲೂ ನನ್ನ ಕೋಣೆಯಲ್ಲಿ ಕನ್ನಡಿ, ಚಿತ್ರದ ಕಾರ್ಡುಗಳು, ಊದುವ ಪೀಪಿ, ಗೊಂಬೆ ಇಷ್ಟೇ ಇದ್ದವು. ಮಕ್ಕಳು ಬರುತ್ತಿದ್ದರು, ಕನ್ನಡಿಯಲ್ಲಿ ನಾಲಿಗೆ ನೋಡಿಕೊಳ್ಳುತ್ತಿದ್ದರು, ನಿಧಾನವಾಗಿ ಸುಧಾರಿಸುತ್ತಿದ್ದರು. ಹಾಡಿನ ಅಗತ್ಯ ಬಿದ್ದಿರಲಿಲ್ಲ.

ಅಗತ್ಯ ಬಿದ್ದದ್ದು ಹುಬ್ಬಳ್ಳಿಯ ಅಂಚಿನ ಗಬ್ಬೂರಿನಿಂದ ಬರುತ್ತಿದ್ದ ಒಬ್ಬ ಹುಡುಗಿಯಿಂದ. ಆಗಷ್ಟೇ ಒಂದನೇ ಇಯತ್ತೆ ಸೇರಿದ್ದಳು. ಅಪ್ಪನದು ಬೈಪಾಸ್ ಪಕ್ಕದಲ್ಲಿ ಪಂಕ್ಚರ್ ಅಂಗಡಿ. ಅವ್ವ ಮಗಳನ್ನು ಕರೆದುಕೊಂಡು ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಧಾರವಾಡಕ್ಕೆ ನನ್ನಲ್ಲಿಗೆ ಬಂದಿದ್ದಳು. ಹುಡುಗಿ ಮಾತಾಡುತ್ತಿರಲಿಲ್ಲವೆಂದಲ್ಲ, ಧಾರಾಳವಾಗಿ ಮಾತಾಡುತ್ತಿದ್ದಳು. ಆ ಮಾತು ಮಾತ್ರ ನೀರಿನಲ್ಲಿ ನೆನೆದ ಕಾಗದದಂತೆ ಮೆತ್ತಗಿತ್ತು, ಎಲ್ಲೂ ಒಂದು ಅಂಚು ಸಿಗುತ್ತಿರಲಿಲ್ಲ.

"ಅಕಿ ಎಲ್ಲಾ ಹೇಳ್ತಾಳ್ರಿ ಮೇಡಂ. ನಮಗ ತಿಳಿಯೂದಿಲ್ಲ, ಅಷ್ಟ" ಎಂದಳು ಅವ್ವ. "ಹ್ವಾದ ತಿಂಗಳ ಮುಂಜಾನೆದ್ದು 'ಅಲು, ಅಲು' ಅಂತ ಅಳಾಕತ್ತಳ್ರಿ. ಹಾಲು ಕಾಸಿ ಕೊಟ್ಟೆ. ಗ್ಲಾಸು ದೂಡಿದ್ಲು. ಸಕ್ಕರಿ ಹಾಕಿ ಕೊಟ್ಟೆ, ಚೆಲ್ಲಿಬಿಟ್ಲು. ನನಗೂ ಸಿಟ್ಟು ಬಂದು ಬೈದೆ. ಮರುದಿನ ಗಲ್ಲ ಬಾತ ಮ್ಯಾಲೆ ಗೊತ್ತಾತ್ರಿ, ಅಕಿ ಹೇಳಿದ್ದು ಹಲ್ಲು ಅಂತ."

ಹೇಳುತ್ತ ಹೇಳುತ್ತ ಅವಳು ಮಗಳ ಗಲ್ಲ ಸವರಿದಳು. ಹುಡುಗಿ ನನ್ನ ಮೇಜಿನ ಮೇಲಿದ್ದ ಪೀಪಿಯನ್ನೇ ನೋಡುತ್ತಿದ್ದಳು.

ಕಿವಿಯ ಪರೀಕ್ಷೆ ಮೊದಲೇ ಆಗಿತ್ತು, ದೋಷವೇನೂ ಇರಲಿಲ್ಲ. ನಾನು ಚಿತ್ರಗಳನ್ನು ಹರಡಿ ಕೇಳುತ್ತ ಹೋದೆ. ಸ್ವಲ್ಪ ಹೊತ್ತಿಗೆ ಒಂದು ಸಂಗತಿ ಕಾಣಿಸಿತು. ಎರಡು ವ್ಯಂಜನ ಕೂಡಿದ ಕಡೆ ಅವಳು ಒಂದನ್ನೇ ಉಳಿಸುತ್ತಿದ್ದಳು. ಬಳ್ಳಿಯೂ ಬಳಿ, ಕೈಗೆ ತೊಡುವುದೂ ಬಳಿ. ಎಲ್ಲಿ ಎಂಬ ಪ್ರಶ್ನೆಯೂ ಎಲಿ, ಗಿಡದಲ್ಲಿರುವುದೂ ಎಲಿ. ಅಕ್ಕಿ ಎನ್ನಲು ಹೋದರೆ 'ಅಕಿ' ಎನ್ನುತ್ತಿದ್ದಳು, ಅದು ನಮ್ಮ ಕಡೆ 'ಅವಳು' ಆಗುತ್ತದೆ. ದೀರ್ಘಗಳೂ ಅರ್ಧಕ್ಕೇ ನಿಲ್ಲುತ್ತಿದ್ದವು, ಶಬ್ದದ ಮೊದಲಿನ ಹಕಾರವೂ ಉದುರುತ್ತಿತ್ತು. ಹಾಗಾಗಿ ಹಾಲು, ಹಲ್ಲು ಎರಡೂ ಒಂದೇ ಕಡೆ ಬಂದು ಬೀಳುತ್ತಿದ್ದವು. ಶಾಲೆಯ ಪಾಟಿಯ ಮೇಲೂ ಹೀಗೇ ಆಗುತ್ತಿತ್ತಂತೆ. ಒತ್ತು ಬರೆಯುವುದೇ ಇಲ್ಲ, ಓದುವಾಗ ನೋಡುವುದೂ ಇಲ್ಲ. ಕೆಳಗೆ ಏನೋ ಕೊಳೆ ಹತ್ತಿದೆ ಎಂಬಂತೆ ದಾಟಿ ಹೋಗುತ್ತಾಳೆ ಎಂದು ಅವರ ಟೀಚರು ಹೇಳಿದ್ದರಂತೆ.

ಮೊದಲ ಕೆಲವು ವಾರ ನನ್ನ ಯಾವ ಉಪಾಯವೂ ನಡೆಯಲಿಲ್ಲ. ಕನ್ನಡಿ ಅವಳಿಗೆ ಬೇಡ. ಕಾರ್ಡು ಬೇಸರ. ಅವಳಿಗೆ ಇಷ್ಟವಾದದ್ದು ಕಿಟಕಿ. ಕೆಳಗಿನ ರಸ್ತೆಯಲ್ಲಿ ಯಾವುದೇ ಗಾಡಿ ಹಾರ್ನ್ ಹೊಡೆದರೂ ಕೂಡಲೇ ಅದೇ ದನಿ ತೆಗೆಯುತ್ತಿದ್ದಳು. ಬೈಪಾಸ್ ಪಕ್ಕ ಬೆಳೆದ ಹುಡುಗಿ. ಲಾರಿಯದು ಬೇರೆ, ಬಸ್ಸಿನದು ಬೇರೆ, ಟಂಟಂ ಆಟೊದ್ದು ಬೇರೆ.

ಒಂದು ದಿನ ಬೇರೇನೂ ತೋಚದೆ ನಾನೇ ಒಂದು ಸಾಲು ಕಟ್ಟಿದೆ: ಬಳ್ಳಿ ಮ್ಯಾಲ ಹಕ್ಕಿ ಬಂತು, ಅಕ್ಕಿ ತಿಂದು ಹೋತು. ಇದಕ್ಕೊಂದು ಧಾಟಿ ಬೇಕಲ್ಲ? ನನ್ನ ತಲೆಯಲ್ಲಿ ಯಾವಾಗಲೂ ಇರುವ ಧಾಟಿ ಒಂದೇ. ಮುಂಜಾನೆ ಓಣಿಗೆ ಬರುವ ಕಸದ ಗಾಡಿ ಮೈಕಿನಲ್ಲಿ ಹಾಕಿಕೊಂಡು ಬರುವ ಹಾಡಿನದು. ಬಕೆಟ್ ಹಿಡಿದು ಓಡಿ ಓಡಿ ಅದು ಮೈಗೇ ಹತ್ತಿಬಿಟ್ಟಿದೆ. ಗಬ್ಬೂರಿನ ಓಣಿಗೂ ಅದೇ ಹಾಡಿನ ಗಾಡಿ ಬರುತ್ತಿತ್ತು. ಬಾಗಿಲು ಹಾಕಿ, ಯಾರಿಗೂ ಕೇಳದಷ್ಟು ಸಣ್ಣ ದನಿಯಲ್ಲಿ ಹಾಡಿದೆ.

ಹುಡುಗಿಯ ಹುಬ್ಬು ಗಂಟಿಕ್ಕಿತು. ಕುರ್ಚಿಯಿಂದ ಇಳಿದು ಬಂದವಳೇ ಅಂಗೈಯನ್ನು ನನ್ನ ಬಾಯಿಯ ಮೇಲೆ ಇಟ್ಟಳು. ನಾನು ಸುಮ್ಮನಾದೆ. ಕೈ ತೆಗೆಯದೆ, ಶಬ್ದಗಳಿಲ್ಲದೆ, ಮೂಗಿನಲ್ಲೇ ಆ ಸಾಲನ್ನು ಅವಳು ಗುನುಗಿದಳು. ನಾನು ಎಲ್ಲೆಲ್ಲಿ ಜಾರಿದ್ದೆನೋ ಅಲ್ಲೆಲ್ಲ ನಿಚ್ಚಳವಾಗಿ. ಮುಗಿದ ಮೇಲೆ ಕೈ ತೆಗೆದು, ಈಗ ನೀನು ಹಾಡು ಎಂಬಂತೆ ನೋಡಿದಳು. ನಾನು ಮತ್ತೆ ಹಾಡಿದೆ. ಮತ್ತೆ ಕೈ ಬಂತು.

ಅವತ್ತು ಅವರು ಹೋದ ಮೇಲೂ ನಾನು ಅದನ್ನೇ ಯೋಚಿಸುತ್ತ ಕೂತೆ. ನನ್ನ ಸ್ವರ ಕೂದಲೆಳೆಯಷ್ಟು ತಪ್ಪಿದರೂ ಈ ಹುಡುಗಿಗೆ ಗೊತ್ತಾಗುತ್ತದೆ. ಎರಡು ಲಾರಿಯ ಹಾರ್ನು ಬೇರೆ ಬೇರೆ ಎಂದು ಗೊತ್ತಾಗುತ್ತದೆ. ಅಂಥ ಕಿವಿಗೆ ಎಲಿ ಮತ್ತು ಎಲ್ಲಿ ಹೇಗೆ ಒಂದೇ ಆಗಿ ಕೇಳಿಸುತ್ತವೆ? ಅಥವಾ ಬೇರೆಯಾಗಿ ಕೇಳಿಸಿಯೂ, ಆ ವ್ಯತ್ಯಾಸ ಮಾತಿನ ಕೆಲಸಕ್ಕೆ ಬರುತ್ತದೆ ಎಂದು ಅವಳಿಗೆ ತಿಳಿದಿಲ್ಲವೆ?

ಮನೆಗೆ ಬಂದು ಅಡುಗೆ ಮಾಡುತ್ತ ಆ ಶಬ್ದಗಳನ್ನು ನಾನೇ ಅಂದು ನೋಡಿದೆ. ಅಕ್ಕ. ಅಪ್ಪ. ರೊಟ್ಟಿ. ಅ ಎಂದ ಮೇಲೆ, ಕ ಎನ್ನುವ ಮೊದಲು, ಉಸಿರಿನ ದಾರಿ ಒಂದು ಕ್ಷಣ ಮುಚ್ಚಿಕೊಂಡೇ ಇರುತ್ತದೆ. ಆಗ ಯಾವ ಸಪ್ಪಳವೂ ಇಲ್ಲ. ಹಲ್ಲು, ಬಳ್ಳಿ ಎನ್ನುವಾಗ ಹಾಗಲ್ಲ. ನಾಲಿಗೆ ನಿಂತಿರುತ್ತದೆ, ದನಿ ಮಾತ್ರ ಪಕ್ಕದಿಂದ ಹರಿಯುತ್ತಲೇ ಇರುತ್ತದೆ. ಇದನ್ನು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ನನ್ನ ಬಾಯೊಳಗೆ ಅದನ್ನು ಹುಡುಕಿದ್ದು ಅವತ್ತೇ ಮೊದಲು.

"ಏನ್ ನಡಿಸೀ?" ಎಂದು ನನ್ನ ಯಜಮಾನರು ಒಳಗೆ ಬಂದರು.

"ಅಕ್ಕಿ ಅನ್ನೂದ್ರಾಗ ಒಂದು ತೂತು ಐತಿ" ಎಂದೆ.

"ಅಕ್ಕ್ಯಾಗ ಹುಳ ಇರ್ತಾವ. ತೂತಿಂದು ಇವತ್ತ ಕೇಳಿದ್ದು" ಎಂದು ಅವರು ಡಬ್ಬಿಯ ಮುಚ್ಚಳ ತೆಗೆದು ನೋಡಿದರು.

ಮುಂದಿನ ಸಲ ಹುಡುಗಿ ಬಂದಾಗ ನಾನು ಒಂದು ಸ್ಟೀಲ್ ಡಬ್ಬಿ ಬೋರಲು ಹಾಕಿಟ್ಟಿದ್ದೆ. ಹ್ರಸ್ವಕ್ಕೆ ಬೆರಳಿನಿಂದ ಒಂದು ಏಟು. ದೀರ್ಘಕ್ಕೆ ಅಂಗೈ ಡಬ್ಬಿಯ ಮೇಲೆ ಎಳೆಯುವುದು. ಒತ್ತು ಬಂದರೆ ಏಟು ಹಾಕಿ, ಕೈಯನ್ನು ಗಾಳಿಯಲ್ಲಿ ನಿಲ್ಲಿಸಿ, ಆಮೇಲೆ ಇನ್ನೊಂದು ಏಟು. ಬಾಯಿಂದ ಏನೂ ಹೇಳದೆ ಬರೇ ಬಾರಿಸಿದೆ. ಅವಳು ಹಾಗೇ ಬಾರಿಸಿದಳು. ಒಂದೂ ತಪ್ಪಲಿಲ್ಲ. ಗಾಳಿಯಲ್ಲಿ ಕೈ ನಿಲ್ಲಿಸುವುದಂತೂ ಅವಳಿಗೆ ಭಾರೀ ಖುಷಿಯ ಆಟವಾಯಿತು. ನಿಲ್ಲಿಸಿದ ಕೈಯನ್ನು ಇಳಿಸದೆ ನನ್ನನ್ನೇ ನೋಡುತ್ತ, ನಾನು ಯಾವಾಗ ನಗುತ್ತೇನೆಂದು ಕಾಯುತ್ತಿದ್ದಳು.

ಅಷ್ಟಾದರೆ ಮಾತು ಬಂದೇಬಿಟ್ಟಿತು ಎಂದುಕೊಂಡೆ. ಬರಲಿಲ್ಲ. ಕೈ ಸರಿಯಾಗಿ ಹಲ್ಲು ಎನ್ನುತ್ತಿತ್ತು, ಬಾಯಿ ಅಲು ಎನ್ನುತ್ತಿತ್ತು. ಎರಡೂ ಒಂದೇ ಹೊತ್ತಿಗೆ. ಎಷ್ಟೋ ವಾರ ಹೀಗೇ ಹೋಯಿತು. ಅವ್ವನಿಗೂ ಸಾಕಾಗಿತ್ತು.

"ಮೇಡಂ, ತಪ್ಪ ತಿಳಕೋಬ್ಯಾಡ್ರಿ" ಎಂದಳು ಒಂದು ದಿನ. "ಇಷ್ಟ ದೂರ ಬಂದು ಡಬ್ಬಿ ಬಡಕೊಂಡು ಹೋಗೂದ ಆಗೇತ್ರಿ. ಮನ್ಯಾಗ ಎಲ್ಲಾ ಪಾತೇಲಿ ಬಡಿಯಾಕತ್ತಾಳ. ಇವರಪ್ಪ ಕೇಳ್ತಾರ, ಮಾತು ಕಲಿಸಾಕ ಒಯ್ಯಾಕತ್ತೀಯೋ ಬಾಜಾ ಕಲಿಸಾಕೋ ಅಂತ."

ಅವಳ ಮಾತಿನಲ್ಲಿ ತಪ್ಪೇನಿರಲಿಲ್ಲ. "ಇನ್ನೊಂದಿಷ್ಟ ದಿನ ನೋಡೂಣ್ರಿ" ಎಂದೆ. ಹೇಳುವಾಗ ನನಗೂ ಧೈರ್ಯವಿರಲಿಲ್ಲ. ಇದ್ದದ್ದು ಕುತೂಹಲವೊಂದೇ. ಕೈಗೆ ಗೊತ್ತಿರುವುದನ್ನು ಬಾಯಿಗೆ ದಾಟಿಸುವ ಬಾಗಿಲು ಎಲ್ಲೋ ಇರಬೇಕು ಅನಿಸುತ್ತಿತ್ತು.

ಅದು ಸಿಕ್ಕಿದ್ದು ನಾನು ಹುಡುಕಿದ್ದಕ್ಕಲ್ಲ. ಅದೇ ಕಸದ ಗಾಡಿಯ ಧಾಟಿಯಲ್ಲಿ, ಡಬ್ಬಿ ಬಾರಿಸುತ್ತ, "ನೋಡು ನೋಡು ನನ್ನ ಹಲ್ಲು" ಎಂದು ಹಾಡುತ್ತಿದ್ದೆ. ನನ್ನ ಸ್ವರವನ್ನು ಅಷ್ಟು ಹೊತ್ತಿಗೆ ಅವಳು ಹೇಗೋ ಸಹಿಸಿಕೊಳ್ಳಲು ಕಲಿತಿದ್ದಳು. 'ಹಲ್' ಎಂದು ಕೈ ಮೇಲೆತ್ತಿದ್ದೆ. ಅಷ್ಟರಲ್ಲಿ ಹೊರಗಿನಿಂದ ಅವ್ವ ಬಾಗಿಲು ತೆರೆದು, ಬಸ್ಸಿಗೆ ಹೊತ್ತಾಗುತ್ತದೆ, ಇನ್ನೆಷ್ಟು ಹೊತ್ತು ಎಂದು ಕೇಳಿದಳು. ನಾನು ಹಾಡು ಬಿಟ್ಟು ಅವಳ ಕಡೆ ತಿರುಗಿದೆ. ಕೈ ಮೇಲೇ ಇತ್ತು. ಬೆನ್ನ ಹಿಂದಿನಿಂದ "ಲು" ಎಂದು ಕೇಳಿಸಿತು. ಜತೆಗೇ ಡಬ್ಬಿಯ ಮೇಲೆ ಒಂದು ಏಟು.

ಅರ್ಧಕ್ಕೆ ನಿಂತ ಸಾಲನ್ನು ಅವಳಿಂದ ತಡೆದುಕೊಳ್ಳಲು ಆಗಿರಲಿಲ್ಲ.

ನಾನು ತಿರುಗಿ ಕೂತು ಮತ್ತೆ ಹಾಡಿದೆ. "ನೋಡು ನೋಡು ನನ್ನ ಹಲ್..." ಎಂದು ನಿಲ್ಲಿಸಿದೆ. "ಲು" ಎಂದಳು. ಬಳ್... "ಳಿ" ಎಂದಳು. ಅಕ್... "ಕಿ." ಶಬ್ದದ ಮೊದಲರ್ಧ ನನ್ನದು, ಉಳಿದರ್ಧ ಅವಳದು, ನಡುವಿನ ಬಿಡುವು ಇಬ್ಬರದೂ. ಅವ್ವ ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿದ್ದ ಚೀಲವನ್ನು ಮೆಲ್ಲಗೆ ಕೆಳಗಿಟ್ಟಳು.

ಆಮೇಲಿನ ವಾರಗಳಲ್ಲಿ ನಾನು ನನ್ನ ಪಾಲನ್ನು ಸ್ವಲ್ಪ ಸ್ವಲ್ಪವೇ ಸಣ್ಣದು ಮಾಡುತ್ತ ಬಂದೆ. 'ಹಲ್' ಎನ್ನುವುದನ್ನು ಮೆಲ್ಲಗೆ ಅಂದೆ. ನಂತರ ಬಾಯಿ ಆಡಿಸಿ ಸುಮ್ಮನಾದೆ. ಶಾಲೆಯ ಪ್ರಾರ್ಥನೆಯಲ್ಲಿ ಕಲಿತ ವಿದ್ಯೆ ಎಂದು ಒಳಗೇ ನಗು ಬಂತು. ನಾನು ಬಿಟ್ಟ ಜಾಗವನ್ನು ಅವಳು ತುಂಬುತ್ತ ಬಂದಳು, ಒಂದು ದಿನ ತುಂಬಿದರೆ ಮೂರು ದಿನ ಬಿಡುತ್ತ. ಹೀಗಿರುವಾಗ ಒಂದು ದಿನ ಮೆಟ್ಟಿಲು ಹತ್ತಿ ಓಡಿಬಂದು, ನನ್ನೆದುರು ನಿಂತು ಬಾಯಿ ತೆರೆದಳು. ಮುಂದಿನ ಒಂದು ಹಲ್ಲು ಇರಲಿಲ್ಲ. ಎದೆಯ ಮೇಲೆ ತಾಳ ಹಾಕಿಕೊಂಡು, ಕಸದ ಗಾಡಿಯ ಧಾಟಿಯಲ್ಲೇ, "ನಂದು ಹಲ್ಲು ಬಿತ್ತು" ಎಂದು ಹಾಡಿದಳು. ಎರಡು ಒತ್ತು, ಎರಡೂ ಪೂರ್ತಿ.

ಅವ್ವ ಹಿಂದೆಯೇ ಬಂದಳು. "ಬಸ್ಸಿನ್ಯಾಗ ಎಲ್ಲಾರಿಗೂ ಹೇಳಿಕೋತ ಬಂದಾಳ್ರಿ" ಎಂದು ಕುರ್ಚಿಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಸ್ವಲ್ಪ ಹೊತ್ತು ಮುಖದಿಂದ ಸೆರಗು ತೆಗೆಯಲೇ ಇಲ್ಲ.

ಅಕ್ಷರದ ಕಡೆ ತಿರುಗಲು ಅದೇ ಒಳ್ಳೆಯ ದಿನ ಎಂದುಕೊಂಡು ಪಾಟಿಯ ಮೇಲೆ ಹಲ್ಲು ಎಂದು ಬರೆದೆ. ಅವಳು ಒತ್ತಿನ ಮೇಲೆ ಬೆರಳಿಟ್ಟು, "ಇದು ಯಾಕ ಕೆಳಗ ಕುಂತೈತಿ?" ಎಂದಳು.

"ಅಲ್ಲಿ ಕೈ ನಿಂದ್ರಸಬೇಕು ಅಂತ" ಎಂದೆ.

ಅವಳು ಪಾಟಿಯನ್ನೂ ನನ್ನನ್ನೂ ನೋಡಿದಳು. ಇಷ್ಟು ದಿನ ಕೊಳೆಯಂತೆ ಕಂಡದ್ದಕ್ಕೆ ಒಂದು ಕೆಲಸವಿದೆ ಎಂದು ಅವಳಿಗೆ ಆಗಲೇ ಗೊತ್ತಾಯಿತೋ ಏನೋ. ಹಾಲು ಬರೆದು ದೀರ್ಘದ ಗುರುತು ತೋರಿಸಿದೆ. ಅಂಗೈ ಎಳೆದು ತೋರಿಸಿದಳು.

ಅಂದಿನಿಂದ ಕಂಡ ಕಂಡ ಬೋರ್ಡುಗಳನ್ನೆಲ್ಲ ಹಿಡಿದಳು. ಬಸ್ಸಿನ ಹಣೆಯ ಮೇಲಿನ ಹುಬ್ಬಳ್ಳಿ ಅವಳಿಗೆ ಬಹಳ ಇಷ್ಟ, ಎರಡು ಕಡೆ ಕೈ ನಿಲ್ಲಿಸಬಹುದು. ಗಬ್ಬೂರಿನಲ್ಲಿ ಒಂದು ಸಲ ನಿಂತು, ಆಮೇಲೆ ಎಳೆಯಬೇಕು. ಧಾರವಾಡ ಸಪ್ಪೆ, ಎಳೆಯುವುದು ಬಿಟ್ಟರೆ ಏನೂ ಇಲ್ಲ. "ನಿಮ್ಮೂರಾಗ ಒತ್ತ ಇಲ್ಲ" ಎಂದು ನನ್ನನ್ನು ಕನಿಕರದಿಂದ ನೋಡಿದಳು. ಹುಟ್ಟಿದಾಗಿನಿಂದ ಈ ಎರಡು ಊರುಗಳ ಹೆಸರು ಹೇಳುತ್ತ ಬಂದಿದ್ದೇನೆ. ಒಂದು ನಿಂತು ನಿಂತು ಹೋಗುತ್ತದೆ, ಇನ್ನೊಂದು ಎಳೆದು ಎಳೆದು ಹೋಗುತ್ತದೆ ಎಂದು ನನಗೆ ಹೊಳೆದಿರಲಿಲ್ಲ.

ಕಷ್ಟ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಅವರ ಶಾಲೆಯ ಟೀಚರು ಫೋನ್ ಮಾಡಿದರು. ಒಳ್ಳೆಯ ಹೆಣ್ಣುಮಗಳು, ತಾಳ್ಮೆಯವರು. ಅವತ್ತು ತಾಳ್ಮೆ ಸ್ವಲ್ಪ ಕಡಿಮೆಯಾಗಿತ್ತು.

"ಓದ್ತಾಳ್ರಿ, ಖರೇ. ಒತ್ತು ಒಂದೂ ಬಿಡೂದಿಲ್ಲ. ಆದ್ರ ಕಸದ ಗಾಡಿ ಬಂದಂಗ ಓದ್ತಾಳ. ಅಕಿ ಶುರು ಮಾಡಿದ್ಲಂದ್ರ ಇಡೀ ವರ್ಗ ಬೆಂಚ್ ಬಡದು ಹಾಡಾಕ ಹತ್ತತೈತಿ. ಬಾಜೂ ವರ್ಗದವರು ಬಂದು ಕೇಳ್ತಾರ್ರಿ, ಏನ್ ನಡದೈತಿ ಅಂತ."

ನಗು ತಡೆದುಕೊಂಡೆ. ಚಿಂತೆಯೂ ಆಯಿತು. ಹಾಡಿನ ಮೇಲೆ ಹತ್ತಿಸಿ ಅಕ್ಷರ ಕಲಿಸಿದ್ದು ಸರಿ, ಇಳಿಸುವುದು ಹೇಗೆಂದು ನಾನು ಯೋಚಿಸಿರಲಿಲ್ಲ. ಮುಂದಿನ ಸಲ ಅವಳಿಗೆ, "ಇವತ್ತ ಹಾಡಬ್ಯಾಡ, ಸುಮ್ನ ಓದು" ಎಂದೆ. ಓದಿದಳು. ಒತ್ತುಗಳೆಲ್ಲ ಮಾಯ. ಬಳ್ಳಿ ಮತ್ತೆ ಬಳಿಯಾಯಿತು, ಬೆಕ್ಕು ಬೆಕು ಆಯಿತು. ತಿಂಗಳುಗಟ್ಟಲೆ ಕಟ್ಟಿದ್ದು ಧಾಟಿಯೊಂದಿಗೇ ಎದ್ದುಹೋಯಿತು. ಹಾಡು ಎಂದರೆ ಎಲ್ಲ ತಿರುಗಿ ಬಂತು. ಡಬ್ಬಿ ಮಾತ್ರ ಇಟ್ಟು ಧಾಟಿ ತೆಗೆಯಲು ನೋಡಿದೆ. ತಾಳ ಬಿದ್ದ ಕೂಡಲೇ ಅವಳ ಗಂಟಲಲ್ಲಿ ಧಾಟಿ ತಾನಾಗಿ ಹುಟ್ಟುತ್ತಿತ್ತು. ಅವಳಿಗೆ ಅವೆರಡೂ ಬೇರೆಯಾಗಿರಲೇ ಇಲ್ಲ.

ಹಾಗಾದರೆ ಅವಳು ಓದುತ್ತಿದ್ದಾಳೋ ಹಾಡನ್ನು ನೆನಪಿಸಿಕೊಳ್ಳುತ್ತಿದ್ದಾಳೋ ಎಂಬ ಅನುಮಾನ ಬಂತು. ಹೊಸ ಪುಸ್ತಕ ಕೊಟ್ಟು ನೋಡಿದೆ. ಹಿಂದೆಂದೂ ಕಾಣದ ಶಬ್ದಗಳನ್ನೂ ಹಾಡಿ ಸರಿಯಾಗಿ ಓದಿದಳು. ಓದುತ್ತಿದ್ದಳು, ಅದು ಖಚಿತ. ಹಾಡದೆ ಓದಲು ಮಾತ್ರ ಬರುತ್ತಿರಲಿಲ್ಲ.

ಆ ದಿನಗಳಲ್ಲೇ ಒಂದು ಸಂಜೆ ನನ್ನ ಕೋಣೆಯ ಹೊರಗಿನ ಬೆಂಚಿನ ಮೇಲೆ ಇನ್ನೊಬ್ಬ ತಾಯಿ ಕೂಸನ್ನು ಮಲಗಿಸಿಕೊಂಡು ಕೂತಿದ್ದಳು. ಅತ್ತು ಅತ್ತು ಈಗಷ್ಟೇ ಮಲಗಿದ ಕೂಸು. ನಮ್ಮ ಹುಡುಗಿ ಪುಸ್ತಕ ತೆಗೆದು ಧಾಟಿ ಎತ್ತಲಿದ್ದಳು. ನಾನು ತುಟಿಯ ಮೇಲೆ ಬೆರಳಿಟ್ಟು, "ಸಾವಕಾಶ ಓದು, ಕೂಸು ಎದ್ದೀತು. ಕಿವ್ಯಾಗ ಹೇಳಿದಂಗ ಓದು" ಎಂದೆ.

ಅವಳು ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟುತ್ತ ಓದತೊಡಗಿದಳು. ಬೆಕ್ಕು ಕಟ್ಟೆಯ ಮೇಲೆ ಕುಳಿತಿತ್ತು. ನಾಯಿ ಬಂತು. ಬೆಕ್ಕು ಜಿಗಿದು ಗಿಡ ಹತ್ತಿತು.

ಒಂದು ಪುಟ ಮುಗಿಯುವವರೆಗೆ ನನಗೆ ತಿಳಿಯಲೇ ಇಲ್ಲ. ಆಮೇಲೆ ತಿಳಿಯಿತು. ಧಾಟಿ ಇರಲಿಲ್ಲ. ಒತ್ತುಗಳೆಲ್ಲ ಇದ್ದವು.

ಪಿಸುಮಾತಿನಲ್ಲಿ ಗಂಟಲು ಸ್ವರ ಹೊರಡಿಸುವುದಿಲ್ಲ, ಅಲ್ಲಿರುವುದು ಬರೇ ಉಸಿರು. ಸ್ವರವಿಲ್ಲದಿದ್ದರೆ ಧಾಟಿ ಎಲ್ಲಿಂದ ಬರಬೇಕು? ಎಂಥ ಹಾಡುಗಾರರು ಪ್ರಯತ್ನಿಸಿದರೂ ಪಿಸುಮಾತಿನಲ್ಲಿ ರಾಗ ಎಳೆಯಲಾಗದು. ನಿಲ್ಲುವ ಕಡೆ ನಿಲ್ಲಬಹುದು, ಎಳೆಯುವ ಕಡೆ ಎಳೆಯಬಹುದು. ನಾನು ಬೇರ್ಪಡಿಸಲಾಗದೆ ಒದ್ದಾಡುತ್ತಿದ್ದುದನ್ನು ಮಲಗಿದ ಕೂಸೊಂದು ಬೇರ್ಪಡಿಸಿಕೊಟ್ಟಿತ್ತು. ಹೊರಗೆ ಹೋಗಿ ಆ ತಾಯಿಗೆ, "ಇನ್ನೊಂದಿಷ್ಟು ಹೊತ್ತು ಮಲಗಸ್ರಿ" ಎಂದೆ. ಅವಳಿಗೆ ಯಾಕೆಂದು ಗೊತ್ತಾಗಲಿಲ್ಲ, ತಲೆಯಾಡಿಸಿದಳು.

ಟೀಚರಿಗೆ ಫೋನ್ ಮಾಡಿ ಹೇಳಿದೆ. ಅವರಿಗೂ ವಿಚಿತ್ರವೆನಿಸಿತು. ಫೋನಿನಲ್ಲೇ ಪಿಸುಗುಟ್ಟುತ್ತ ಏನೋ ಹಾಡಲು ಪ್ರಯತ್ನಿಸಿದರು. "ಖರೇನ ಬರೂದಿಲ್ಲಲ್ರಿ" ಎಂದು ನಕ್ಕರು. ಮರುದಿನದಿಂದ ವರ್ಗದವರೆಲ್ಲ ಮೊದಲು ಗುಸುಗುಸು ಓದುವುದು, ನಂತರ ದನಿ ತೆಗೆದು ಓದುವುದು ಎಂದು ಮಾಡಿದರು. ನಮ್ಮ ಹುಡುಗಿಯೊಬ್ಬಳೇ ಬೇರೆಯಾಗಿ ಕಾಣಬಾರದೆಂದು ಅವರು ಮಾಡಿದ ಏರ್ಪಾಡು. ಬಾಜೂ ವರ್ಗದವರಿಗೂ ಅದರಿಂದ ಅನುಕೂಲವಾಯಿತಂತೆ.

ಪಿಸುಮಾತಿನಿಂದ ಮಾತಿಗೆ ಬರಲು ಅವಳಿಗೆ ಬಹಳ ದಿನ ಹಿಡಿಯಿತು. ನಡುನಡುವೆ ಧಾಟಿ ತಲೆ ಎತ್ತುತ್ತಿತ್ತು, ಅದರಲ್ಲೂ ಉದ್ದನೆಯ ಶಬ್ದ ಬಂದಾಗ. ಮೂರು ಅಕ್ಷರ ಕೂಡಿದ ಕಡೆ ಈಗಲೂ ತಡವರಿಸುತ್ತಾಳೆ. ದಣಿದರೆ ಅಕ್ಕಿ ಮತ್ತೆ ಅಕಿ ಆಗುತ್ತದೆ. ಆದರೆ ಹಾಲಿಗೂ ಹಲ್ಲಿಗೂ ಮನೆಯಲ್ಲಿ ಗೊಂದಲವಿಲ್ಲ ಎಂದು ಅವ್ವ ಹೇಳಿದಳು. ಅಪ್ಪ ಟೈರಿನ ಮೇಲಿನ ಅಕ್ಷರ ಓದಲು ಕೇಳುತ್ತಾನಂತೆ. "ಅದು ಇಂಗ್ಲಿಷಪ್ಪಾ" ಎಂದು ಮಗಳು ಬೈಯುತ್ತಾಳಂತೆ.

ಅವಳು ಎರಡನೇ ಇಯತ್ತೆಗೆ ಹೋದ ಮೇಲೆ ಟೀಚರು ಕರೆದರೆಂದು ಒಮ್ಮೆ ಆ ಶಾಲೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಅವಳ ಸರದಿ ಬಂತು. ಎದ್ದು ನಿಂತು ಕೊಕ್ಕರೆಯ ಪಾಠ ಓದಿದಳು. ಸಾಮಾನ್ಯ ದನಿ. ಕೈಯೆರಡೂ ಪುಸ್ತಕದ ಮೇಲೆ, ಬೆರಳು ಕೂಡ ಅಲುಗಲಿಲ್ಲ. ಎಲ್ಲ ಮಕ್ಕಳಂತೆ ಓದಿ ಕೂತಳು. ಯಾರೂ ತಿರುಗಿ ನೋಡಲಿಲ್ಲ. ಅದನ್ನು ನೋಡಲಿಕ್ಕೆಂದೇ ಟೀಚರು ನನ್ನನ್ನು ಕರೆದಿದ್ದರು.

ಊಟದ ಬಿಡುವಿನಲ್ಲಿ ಅವಳನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಕೇಳಿದೆ, "ಈಗ ಓದೂವಾಗ ಒಳಗ ಏನ್ ಮಾಡ್ತೀ? ಮನಸಿನ್ಯಾಗ ಹಾಡ್ತೀಯೇನು? ಕೈ ನಿಂದ್ರಸ್ತೀಯೇನು?"

ಅವಳು ಯೋಚಿಸಿದಳು. "ಏನಿಲ್ರಿ" ಎಂದಳು.

"ಮತ್ತ ಎಲ್ಲಿ ನಿಂದ್ರಬೇಕಂತ ಹೆಂಗ ಗೊತ್ತಾಗತೈತಿ?"

"ನಾ ಎಲ್ಲಿ ನಿಂದ್ರತೇನ್ರಿ? ಅಕ್ಷರನ ನಿಂದ್ರತಾವ."

"ಹೆಂಗ?" ಎಂದೆ. ನನಗೆ ನಿಜಕ್ಕೂ ಗೊತ್ತಿರಲಿಲ್ಲ. ಎಷ್ಟು ಓದಿದ್ದರೂ ಆ ಜಾಗಕ್ಕೆ ಬಂದು ನನ್ನ ಓದು ಮುಗಿಯುತ್ತದೆ.

ಅವಳು ಚೀಲದಿಂದ ಪುಸ್ತಕ ತೆಗೆದು, ಪುಟ ಹುಡುಕಿ, ಒಂದು ಶಬ್ದದ ಮೇಲೆ ಬೆರಳಿಟ್ಟು, "ಇಲ್ಲಿ ನೋಡ್ರಿ" ಎಂದಳು.

ನಾನು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದೆ. ಕೊಕ್ಕರೆ ಎಂದು ಅಚ್ಚಾಗಿತ್ತು, ನನಗೆ ಕಂಡದ್ದು ಅಷ್ಟೇ. ಅವಳು ಸ್ವಲ್ಪ ಹೊತ್ತು ಕಾದಳು, ನನಗೆ ಕಾಣಿಸಲೆಂದು. ಆಮೇಲೆ ಗೆಳತಿಯರು ಕರೆದರು. ಪುಸ್ತಕ ನನ್ನ ಕೈಯಲ್ಲೇ ಬಿಟ್ಟು ಆಡಲು ಓಡಿದಳು.